ದುರ್ಬೀನು ಕಂಡ ಎದುರಾಳಿ

ನಮ್ಮ ಗಾಜಿನ ಕಾರ್ಖಾನೆಯಲ್ಲಿ ಅವನಿಗೆ ದುರ್ಬೀನು ಎಂದೇ ಹೆಸರು. ಅಪ್ಪ ಅಮ್ಮ ಇಟ್ಟದ್ದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅವನ ಕೆಲಸ ಬಾಟಲಿ ನೋಡುವುದು. ಮೂರು ಕಡೆ ಕಪ್ಪು ಬಳಿದ ಹಲಗೆಯ ಗೂಡು, ಎದುರಿಗೆ ಬಿಳಿ ಬೆಳಕಿನ ಪರದೆ, ಅದರ ಮುಂದೆ ಒಂದರ ಹಿಂದೊಂದು ಸರಿದು ಹೋಗುವ ಬಾಟಲಿಗಳು. ಗುಳ್ಳೆ ಇರುವುದು, ಕೂದಲೆಳೆಯಷ್ಟು ಬಿರುಕಿರುವುದು, ಕತ್ತು ವಾರೆಯಾದದ್ದು ಕಂಡ ಕೂಡಲೇ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ನಾನಿದ್ದದ್ದು ಅವನ ಮುಂದಿನ ಮೇಜಿನಲ್ಲಿ, ಪ್ಯಾಕಿಂಗ್‌ನಲ್ಲಿ. ಅವನ ಕೈ ದಾಟಿ ಬಂದದ್ದನ್ನು ರಟ್ಟಿನ ಪೆಟ್ಟಿಗೆಗೆ ಇಳಿಸುವುದು ನನ್ನ ಕೆಲಸ. ಹದಿನಾಲ್ಕು ವರ್ಷದಲ್ಲಿ ಬಿರುಕು ಬಿಟ್ಟ ಬಾಟಲಿ ನನ್ನ ಕೈಗೆ ಬಂದದ್ದು ಎರಡೇ ಸಲ. ಎರಡು ಸಲವೂ ಅವನಿಗೆ ಜ್ವರ ಇತ್ತು.

ಮೊಸರಲ್ಲಿ ಕಲ್ಲು ಹುಡುಕುವ ಸ್ವಭಾವ ಅವನದು ಎಂದು ಎಲ್ಲರೂ ಹೇಳುತ್ತಿದ್ದರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವನ ಹೆಂಡತಿಯೇ ಒಮ್ಮೆ ನಮ್ಮೆದುರಿಗೆ, "ಇವರು ನನ್ನನ್ನ ಒಪ್ಕೊಂಡಿದ್ದು ಹೇಗೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಅವತ್ತು ಕರೆಂಟ್ ಹೋಗಿತ್ತೋ ಏನೋ," ಎಂದಿದ್ದಳು. ಅವನು ನಕ್ಕಿದ್ದ. ಆಗ ಅವನು ನಗುತ್ತಿದ್ದ.

ಕಾರ್ಖಾನೆಗೆ ಒಂದು ರಗ್ಬಿ ತಂಡ ಇತ್ತು. ದುರ್ಬೀನು ಮೊದಲು ಅದರಲ್ಲಿ ವಿಂಗರ್. ಅಂಚಿನ ಗೆರೆಯುದ್ದಕ್ಕೂ ಚೆಂಡು ಕಂಕುಳಲ್ಲಿಟ್ಟು ಓಡುವವನು. ಇಪ್ಪತ್ತೊಂಬತ್ತನೇ ವಯಸ್ಸಿಗೆ ಬಲಮೊಣಕಾಲು ತಿರುಚಿ ಹೋಗಿ ಆಟ ಮುಗಿಯಿತು. ನಾನು ಎರಡೂ ತಂಡ ಚೆಂಡಿಗಾಗಿ ಗುಂಪುಗೂಡಿ ತಳ್ಳಾಡುವ ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ತಲೆ ತೂರಿಸಿ ತಳ್ಳುವವನು. ಅದಕ್ಕೆ ಬುದ್ಧಿ ಬೇಡ, ಕುತ್ತಿಗೆ ಸಾಕು. ಹಾಗಾಗಿ ನಾನು ಮೂವತ್ತಾರು ದಾಟಿದರೂ ತಂಡದಲ್ಲಿದ್ದೆ. ಅವನು ಪಕ್ಕದ ಬೆಂಚಿನಲ್ಲಿ ಕೂತು ಯಾರು ಎಲ್ಲಿ ತಪ್ಪಿದರು ಎಂದು ಬರೆದಿಡುತ್ತಿದ್ದ. ತಂಡವನ್ನು ಪಳಗಿಸುತ್ತಿದ್ದವರು ಕುಲುಮೆ ವಿಭಾಗದ ಮೇಸ್ತ್ರಿ. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತು ಅವರ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಮಾತೂ ಹಾಗೇ.

ನಮ್ಮ ಗ್ರಹಚಾರಕ್ಕೆ ಬಂದರಿನವರ ತಂಡ ಒಂದಿತ್ತು. ಆರು ವರ್ಷ ಸತತವಾಗಿ ಕಪ್ಪಿನ ಟೂರ್ನಿಯ ಕೊನೆಯ ಪಂದ್ಯದಲ್ಲಿ ನಮ್ಮನ್ನು ಸೋಲಿಸಿದವರು ಅವರು. ನಿಜ ಹೇಳಬೇಕೆಂದರೆ ಸೋಲಿಸಿದ್ದು ಅವರ ನಾಯಕ. ಅವನು ಬಂದರಿನಲ್ಲಿ ಕ್ರೇನು ನಡೆಸುವವನು, ಮೈದಾನದಲ್ಲಿ ಫುಲ್‌ಬ್ಯಾಕ್. ಎಂದರೆ ತನ್ನ ತಂಡದ ಹದಿನಾಲ್ಕು ಜನರ ಹಿಂದೆ ಒಬ್ಬನೇ ನಿಲ್ಲುವ ಕೊನೆಯ ಕಾವಲುಗಾರ. ಎದುರಾಳಿ ಎಲ್ಲರನ್ನೂ ದಾಟಿ ಬಂದರೆ ಉರುಳಿಸುವವನು ಅವನು, ಆಕಾಶದಿಂದ ಬೀಳುವ ಚೆಂಡನ್ನು ಹಿಡಿಯುವವನೂ ಅವನೇ. ಜನ ಅವನನ್ನು ಲಂಗರು ಎಂದು ಕರೆಯುತ್ತಿದ್ದರು.

ಆರನೇ ಸೋಲಿನ ಮರುವಾರ ಮೇಸ್ತ್ರಿ ದುರ್ಬೀನಿನ ಗೂಡಿಗೇ ಬಂದರು.

"ನಿಮ್ಮ ಅಕ್ಕ ಬಂದರಿನ ಹತ್ರ ಇರೋದಲ್ವೇನಯ್ಯಾ?"

"ಹೌದು ಮೇಸ್ತ್ರಿ. ಯೂನಿಯನ್ ಆಫೀಸಲ್ಲಿ ಫೋನ್ ಎತ್ತೋ ಕೆಲಸ."

"ಹಾಗಾದ್ರೆ ಈ ಸೀಸನ್ ಪೂರ್ತಿ ಭಾನುವಾರ ಅಕ್ಕನ ಮನೆಗೆ ಹೋಗು. ಅವರ ಪಂದ್ಯ ಒಂದನ್ನೂ ಬಿಡಬೇಡ. ಆ ಲಂಗರನ್ನ ನಿನ್ನ ಬಾಟಲಿ ನೋಡ್ದಂಗೆ ನೋಡು. ಎಲ್ಲೋ ಒಂದು ಬಿರುಕು ಇದ್ದೇ ಇರುತ್ತೆ. ಅದನ್ನ ತಂದು ನನ್ನ ಕೈಗೆ ಕೊಡು."

ದುರ್ಬೀನಿಗೆ ಒಳಗೊಳಗೇ ಹಿಗ್ಗು. ಒಂಬತ್ತು ವರ್ಷದ ಮೇಲೆ ತಂಡಕ್ಕೆ ಅವನು ಬೇಕಾಗಿದ್ದ.

ಬಂದರಿನ ಮೈದಾನ ಉಗ್ರಾಣಗಳ ಹಿಂದೆ ಇತ್ತು. ಒಂದು ಕಡೆ ತಗಡಿನ ಚಾವಣಿಯ ಕೆಳಗೆ ಹನ್ನೊಂದು ಸಾಲು ಮರದ ಬೆಂಚು, ಇನ್ನೊಂದು ಕಡೆ ತಂತಿ ಬೇಲಿ, ಅದರಾಚೆ ಕ್ರೇನುಗಳ ಕತ್ತುಗಳು. ದುರ್ಬೀನು ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಅಕ್ಕನ ಮನೆ ತಲುಪಿ, ಅಲ್ಲಿ ಊಟ ಮಾಡಿ, ನೂರು ಹಾಳೆಯ ಒಂದು ನೋಟ್‌ಪುಸ್ತಕ ಹಿಡಿದು ಒಂಬತ್ತನೇ ಸಾಲಿನಲ್ಲಿ ಕೂರುತ್ತಿದ್ದ. ಪುಟದ ನಡುವೆ ಗೆರೆ ಎಳೆದು ಒಂದು ಕಡೆ 'ಬಲ', ಇನ್ನೊಂದು ಕಡೆ 'ದೋಷ' ಎಂದು ಬರೆದುಕೊಂಡಿದ್ದ.

ನಾಲ್ಕು ವಾರದಲ್ಲಿ 'ಬಲ' ತುಂಬಿ ಮುಂದಿನ ಪುಟಕ್ಕೆ ಹೋಯಿತು. 'ದೋಷ'ದ ಕಡೆ ಒಂದಕ್ಷರ ಇರಲಿಲ್ಲ.

ಮೊದಲು ಅವನ ಕಣ್ಣಿಗೆ ಬಿದ್ದದ್ದು ಲಂಗರಿನ ನಿಲುವು. ಬೇರೆ ಫುಲ್‌ಬ್ಯಾಕುಗಳು ಮೈದಾನದ ಸರಿಮಧ್ಯದಲ್ಲಿ ನಿಲ್ಲುತ್ತಾರೆ. ಇವನು ಐದಾರು ಹೆಜ್ಜೆ ಎಡಕ್ಕೆ ನಿಲ್ಲುತ್ತಿದ್ದ. ಇಡೀ ಆಟ ಅವನ ಬಲಗಡೆ ಹಾಸಿಕೊಂಡಿರುತ್ತಿತ್ತು. ಪತ್ರಿಕೆಯವರು ಅದನ್ನು ಹೊಸ ಶೈಲಿ ಎಂದು ಹೊಗಳಿದ್ದರು. ಚೆಂಡು ಮೇಲೆ ಹಾರಿದಾಗ ಅವನು ಓಡುತ್ತಿರಲಿಲ್ಲ. ಚೆಂಡಿಗಿಂತ ಮೊದಲು ಒದೆಯುವವನ ಸೊಂಟ ನೋಡಿ, ಬೀಳುವ ಜಾಗಕ್ಕೆ ನಡೆದು ಹೋಗಿ ಕಾಯುತ್ತಿದ್ದ. ಎದುರಿನಿಂದ ಮೂರು ಜನ ಮುರಿದುಕೊಂಡು ಬೀಳಲು ಬರುತ್ತಿದ್ದರೂ ಬಸ್ಸಿಗೆ ಕಾಯುವವನ ಮುಖ. ಓಡುವವನನ್ನು ಟ್ಯಾಕಲ್ ಮಾಡಿ ಕೆಡವುವಾಗ ತೊಡೆಗೆ ತೋಳು ಸುತ್ತಿ, ನೆಲಕ್ಕೆ ಮೊದಲು ತನ್ನ ಭುಜ ತಾಗುವ ಹಾಗೆ ಹೊರಳುತ್ತಿದ್ದ. ಬಿದ್ದವನನ್ನು ಕೈ ಹಿಡಿದು ಎಬ್ಬಿಸುತ್ತಿದ್ದ. ಮೇಲೆ ಬಿದ್ದು ಒರಗಿದ್ದು, ಕೈ ತುಳಿದದ್ದು ಒಂದು ಸಲವೂ ಇಲ್ಲ.

ಐದನೇ ಭಾನುವಾರ ಬಂದರಿನ ಹೊಸ ಆಟಗಾರನೊಬ್ಬ ಕೈಗೆ ಬಂದ ಚೆಂಡು ಬಿಟ್ಟ. ಎದುರಾಳಿಗಳು ಅದನ್ನೇ ಎತ್ತಿಕೊಂಡು ಹೋಗಿ ಗೆರೆಯಾಚೆ ಒತ್ತಿ ಟ್ರೈ ಗಳಿಸಿದರು. ಬೆಂಚುಗಳಿಂದ ಬೈಗುಳ ಸುರಿಯಿತು. ಲಂಗರು ಮೆಲ್ಲಗೆ ನಡೆದು ಬಂದು, ಆ ಹುಡುಗನ ಪಕ್ಕ ಒಂದು ಮೊಣಕಾಲೂರಿ, ಗಟ್ಟಿಯಾಗೇ ಇದ್ದ ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಕಟ್ಟುತ್ತಾ ತಲೆ ಎತ್ತದೆ ಏನೋ ಹೇಳಿದ. ನೋಡಿದವರಿಗೆ ನಾಯಕ ದಾರ ಕಟ್ಟಿಕೊಳ್ಳುತ್ತಿದ್ದಾನೆ ಅಷ್ಟೇ. ಹುಡುಗನ ಬೆನ್ನು ನೆಟ್ಟಗಾಯಿತು.

"ಗದರಿಸಿದ್ರೆ ಎಲ್ಲರಿಗೂ ಕಾಣುತ್ತೆ, ಸಮಾಧಾನ ಮಾಡಿದ್ರೂ ಎಲ್ಲರಿಗೂ ಕಾಣುತ್ತೆ," ಎಂದು ದುರ್ಬೀನು ಸೋಮವಾರ ಪೆಟ್ಟಿಗೆಗಳ ನಡುವೆ ನಿಂತು ನನಗೆ ಹೇಳಿದ. "ಎರಡೂ ಆ ಹುಡುಗನಿಗೆ ಅವಮಾನವೇ. ಅದಕ್ಕೇ ದಾರ ಬಿಚ್ಚಿದ. ಎಂಥಾ ಮನುಷ್ಯ ನೋಡು."

"ನಿನ್ನನ್ನ ಕಳಿಸಿದ್ದು ಪ್ರೇಮಪತ್ರ ಬರೆಯೋಕಲ್ಲ," ಎಂದೆ ನಾನು. ತಮಾಷೆಗೇ ಅಂದದ್ದು. ಆದರೆ ಮಧ್ಯಾಹ್ನದ ಹೊತ್ತಿಗೆ ಆ ಮಾತು ಕುಲುಮೆಯವರೆಗೂ ಹೋಗಿತ್ತು.

ಹತ್ತನೇ ಭಾನುವಾರ ಜಿಟಿಜಿಟಿ ಮಳೆ. ಪಂದ್ಯ ಮುಗಿದು ಜನ ಚದುರಿದ್ದರು. ದುರ್ಬೀನಿನ ಮೊಣಕಾಲು ಥಂಡಿಗೆ ಸೆಟೆದುಕೊಂಡು ಏಳಲಾಗದೆ ಕೂತಿದ್ದ. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಲಂಗರು ಟವೆಲ್ ಹೊದ್ದುಕೊಂಡು ಮೇಲೆ ಬಂದ. ಹಿಂದೆಯೇ ಕ್ಯಾಂಟೀನಿನವಳು ಎರಡು ಲೋಟ ಚಹಾ ತಂದು ಬೆಂಚಿನ ಮೇಲಿಟ್ಟು ಹೋದಳು.

"ನಿಮ್ಮನ್ನ ಹತ್ತು ವಾರದಿಂದ ನೋಡ್ತಿದ್ದೀನಿ," ಎಂದ ಲಂಗರು. "ಗಾಜಿನ ಕಾರ್ಖಾನೆಯವರು ನೀವು. ಒಂಬತ್ತು ವರ್ಷದ ಹಿಂದೆ ಆ ಮೂಲೇಲಿ ನನ್ನನ್ನ ದಾಟಿ ಹೋಗಿದ್ರಿ. ಒಳಕ್ಕೆ ವಾಲಿದ ಹಾಗೆ ಮಾಡಿ ಹೊರಗಿಂದ ಹೋದ್ರಿ. ಆ ಮೇಲೆ ನಾನು ಎಷ್ಟೋ ದಿನ ಅದನ್ನೇ ಯೋಚಿಸ್ತಿದ್ದೆ."

ದುರ್ಬೀನು ಪುಸ್ತಕ ಮುಚ್ಚಿದ. ಅವನ ಬದುಕಿನ ಅತಿ ಒಳ್ಳೆಯ ಓಟ ಅದು. ನಮ್ಮ ತಂಡದಲ್ಲಿ ಅದು ಯಾರಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ. ಆ ಪಂದ್ಯ ಸೋತಿದ್ದೆವು, ಸೋತ ಪಂದ್ಯದ ಓಟ ಯಾರಿಗೆ ಬೇಕು?

"ಮೊಣಕಾಲಿಗೆ ಏನಾಯ್ತು?"

"ತಿರುಚಿತು. ಆಮೇಲೆ ಸರಿಹೋಗ್ಲಿಲ್ಲ."

"ಏನ್ ಬರ್ಕೊಂಡ್ರಿ ಪುಸ್ತಕದಲ್ಲಿ?"

"ನಿಮ್ಮ ವಿಷಯಾನೇ."

"ಗೊತ್ತು. ತಪ್ಪೇನಿಲ್ಲ ಬಿಡಿ, ನಮ್ಮವರೂ ನಿಮ್ಮಲ್ಲಿಗೆ ಕಳಿಸ್ತಾರೆ," ಎಂದು ಲಂಗರು ಬೆಂಚಿನ ಬಲತುದಿಯಲ್ಲಿ ಕೂತ. ದುರ್ಬೀನು ಅವನ ಎಡಕ್ಕಿದ್ದ. ಹಬೆಯಾಡುವ ಲೋಟವೊಂದನ್ನು ಎತ್ತಿ ಮರ್ಯಾದೆಯಿಂದ ಮುಂದೆ ಹಿಡಿದ. ಲಂಗರು ಮೈದಾನ ನೋಡುತ್ತಾ ಕೂತೇ ಇದ್ದ. ಲೋಟ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಮಾತಾಡಲೆಂದು ಈ ಕಡೆ ತಿರುಗಿದವನ ಮೊಣಕೈ ಬಡಿದು ಬಿಸಿ ಚಹಾ ಇಬ್ಬರ ಮೇಲೂ ಚೆಲ್ಲಿತು.

"ಕೈ ಜಾರಿತು," ಎಂದ ಲಂಗರು.

ದುರ್ಬೀನು ಹೂಂ ಎಂದ. ಆದರೆ ಇಡೀ ದಿನ ಬೆಳಕಿನೆದುರು ಕೂರುವವನಿಗೆ ಕಾಣುವ ಕಣ್ಣು ಯಾವುದು, ಕಾಣದ ಕಣ್ಣು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಡಕ್ಕೆ ನಿಲ್ಲುವುದು, ಒದೆಯುವವನ ಸೊಂಟ ನೋಡುವುದು, ಮೊದಲೇ ಹೋಗಿ ಕಾಯುವುದು, ಹತ್ತು ವಾರ 'ಬಲ' ಎಂದು ಬರೆದದ್ದೆಲ್ಲ ಒಂದೇ ಏಟಿಗೆ ಅರ್ಥವಾಯಿತು. ಎಡಗಣ್ಣು ಹೋದವನೊಬ್ಬ, ಅದು ಯಾರಿಗೂ ತಿಳಿಯದ ಹಾಗೆ, ಎರಡು ಕಣ್ಣಿರುವವರಿಗಿಂತ ಚೆನ್ನಾಗಿ ಆಡುತ್ತಿದ್ದ.

ಬಸ್ಸಿನಲ್ಲಿ ಅವನು ನೋಟ್‌ಪುಸ್ತಕ ತೆರೆಯಲಿಲ್ಲ. ಮನೆಗೆ ಬಂದು ಹೆಂಡತಿಗೆ ಮಾತ್ರ ಹೇಳಿದ.

"ನಿಮ್ಮ ಮೇಸ್ತ್ರಿಗೆ ಹೇಳ್ತೀರಾ?" ಎಂದು ಕೇಳಿದಳು.

"ಇಲ್ಲ."

"ಹಾಗಾದ್ರೆ ಸರಿ. ಯಾರ ಮನೇಲಿ ಯಾವ ಕಷ್ಟವೋ," ಎಂದು ಅವಳು ಒದ್ದೆ ಅಂಗಿ ಹಿಂಡಿ ಹಗ್ಗಕ್ಕೆ ಹಾಕಿದಳು.

ಅವನು ಏಳು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದ. ಬಂದರಿನವರು ಕೊನೆಯ ಪಂದ್ಯಕ್ಕೆ ಬಂದರು, ನಾವೂ ಬಂದೆವು. ಮೇಸ್ತ್ರಿ ಪ್ರತಿ ಸೋಮವಾರ ಗೂಡಿನ ಮುಂದೆ ನಿಂತು "ಏನ್ ಸಿಕ್ತು?" ಎನ್ನುತ್ತಿದ್ದರು. ಇವನು "ನೋಡ್ತಿದ್ದೀನಿ," ಎನ್ನುತ್ತಿದ್ದ. ತಂಡದವರಿಗೆ ಅವನು ಬಂದರಿನ ಅಳಿಯನಾದ. ಊಟದ ಡಬ್ಬಿ ತೆರೆದರೆ "ಮಾವನ ಮನೆಯಿಂದ ಬಂತಾ?" ಎಂದು ಕೇಳುವವರು. ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ.

ಕೊನೆಯ ಪಂದ್ಯಕ್ಕೆ ಮೂರು ದಿನ ಇರುವಾಗ, ಸಂಜೆ ಅಭ್ಯಾಸ ಮುಗಿಸಿ ನಾವೆಲ್ಲ ಕಾರ್ಖಾನೆಯ ಹಳೆ ಉಗ್ರಾಣದಲ್ಲಿ ಬಟ್ಟೆ ಬದಲಿಸುತ್ತಿದ್ದೆವು. ಮೇಸ್ತ್ರಿ ಒಳಗೆ ಬಂದು ದುರ್ಬೀನಿನ ಚೀಲದಿಂದ ನೋಟ್‌ಪುಸ್ತಕ ತೆಗೆದು, ಒಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಓದತೊಡಗಿದರು.

"'ಮೂರನೇ ವಾರ. ಬಿದ್ದವನನ್ನು ಎಬ್ಬಿಸುವಾಗ ಅವನ ಅಂಗಿಯ ಮಣ್ಣನ್ನೂ ಕೊಡವಿದ.' ಆಹಾ. 'ಏಳನೇ ವಾರ. ರೆಫ್ರಿಯ ತೀರ್ಪು ತಪ್ಪು ಎಂದು ಗೊತ್ತಿದ್ದೂ ಕೈ ಹಿಂದೆ ಕಟ್ಟಿಕೊಂಡು ಕೇಳಿದ. ಇಂಥವನ ಕೈಕೆಳಗೆ ಒಂದು ಪಂದ್ಯವಾದರೂ ಆಡಬೇಕಿತ್ತು.'" ಮೇಸ್ತ್ರಿ ಪುಸ್ತಕ ಕೆಳಗಿಳಿಸಿದರು. "ಕೇಳಿದ್ರಲ್ಲಪ್ಪಾ. ಒಂದು ಸೀಸನ್ ಕೂತು ಭಜನೆ ಬರ್ಕೊಂಡು ಬಂದಿದ್ದಾನೆ. ತಾಳ ಯಾರು ಹಾಕ್ತೀರಿ?"

ಹದಿನೆಂಟು ಜನ ನಕ್ಕರು. ಆ ಹದಿನೆಂಟರಲ್ಲಿ ನಾನೂ ಒಬ್ಬ. ಯಾರೋ ಊಟದ ತಟ್ಟೆಗಳನ್ನು ಒಂದಕ್ಕೊಂದು ಬಡಿದು ತಾಳ ಹಾಕಿಯೇಬಿಟ್ಟರು.

ದುರ್ಬೀನು ಗೋಡೆಗೆ ಒರಗಿ ನಿಂತಿದ್ದ. ಕಿವಿಯವರೆಗೂ ಕೆಂಪಾಗಿದ್ದ. ನಗು ಇನ್ನೂ ನಿಂತಿರಲಿಲ್ಲ, ಅವನ ದನಿ ಕೇಳಿತು.

"ಅವನಿಗೆ ಎಡಗಣ್ಣು ಕಾಣಲ್ಲ."

ತಟ್ಟೆಗಳ ತಾಳ ನಿಂತಿತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡಿದ ಕ್ಷಣವೇ ಅವನ ಮುಖ ಬಿಳುಚಿಕೊಂಡದ್ದನ್ನು ನಾನು ನೋಡಿದೆ. ಮೇಸ್ತ್ರಿ ಪೆಟ್ಟಿಗೆಯಿಂದ ಇಳಿದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಈಗ ಅವರ ದನಿಯಲ್ಲಿ ಜೇನು.

"ಖಚಿತವಾಗಿ ಗೊತ್ತೇನಯ್ಯಾ?"

ಅವನು ಹೌದೆಂದು ತಲೆಯಾಡಿಸಿದ.

ಪಂದ್ಯದ ದಿನ ಬಿಸಿಲಿತ್ತು. ನಮಗೆ ಮೇಸ್ತ್ರಿ ಕೊಟ್ಟ ಅಪ್ಪಣೆ ಒಂದೇ, ಚೆಂಡು ಯಾವಾಗಲೂ ಅವನ ಎಡಭುಜದ ಹಿಂದೆ ಬೀಳಬೇಕು. ಮೊದಲ ಹತ್ತು ನಿಮಿಷದಲ್ಲೇ ಹಾಗೆ ಒದ್ದ ಚೆಂಡು ನೆಲದಲ್ಲಿ ಪುಟಿಯಿತು. ಲಂಗರು ಅರ್ಧ ಸುತ್ತು ತಿರುಗಿ ಹುಡುಕುವಷ್ಟರಲ್ಲಿ ನಮ್ಮ ವಿಂಗರ್ ಅದನ್ನು ಎತ್ತಿಕೊಂಡು ಗೆರೆ ದಾಟಿದ್ದ. ಎರಡನೆಯ ಟ್ರೈ ಅವನ ಎಡದ ಅಂಚಿನ ಗೆರೆಗೆ ಅಂಟಿಕೊಂಡು ಓಡಿ ಬಂದದ್ದು. ಮಧ್ಯಂತರಕ್ಕೆ ನಾವು ಹನ್ನೆರಡು, ಅವರು ಪೆನಾಲ್ಟಿ ಒದೆತಗಳಿಂದಲೇ ಒಂಬತ್ತು.

ಎರಡನೇ ಅರ್ಧಕ್ಕೆ ಲಂಗರು ಬಂದು ನಿಂತ ಜಾಗ ನೋಡಿ ನಾನು ದಂಗಾದೆ. ಅಂಚಿನ ಗೆರೆಯ ಮೇಲೇ ನಿಂತಿದ್ದ. ಅವನ ಎಡಕ್ಕೆ ಇನ್ನು ಮೈದಾನವೇ ಇರಲಿಲ್ಲ. ನಮ್ಮ ಲೆಕ್ಕಾಚಾರ ಅವನಿಗೆ ತಿಳಿದುಹೋಗಿತ್ತು. ಆದರೂ ತನ್ನವರಿಗೆ ಕಾರಣ ಹೇಳದೆ ಇಡೀ ತಂಡವನ್ನು ಬಲಕ್ಕೆ ಸರಿಸಿ ನಿಲ್ಲಿಸಿದ್ದ. ಅಲ್ಲಿಂದಲೇ ಓಡಿ ಬಂದು, ನಮ್ಮ ನಾಲ್ಕು ಜನರನ್ನು ತನ್ನತ್ತ ಎಳೆದುಕೊಂಡು, ಕೊನೆಯ ಗಳಿಗೆಯಲ್ಲಿ ಚೆಂಡನ್ನು ಪಕ್ಕದವನಿಗೆ ಕೊಟ್ಟು ಟ್ರೈ ಮಾಡಿಸಿದ. ಟ್ರೈಯ ಐದು, ಅದರ ಮೇಲಿನ ಒದೆತದ ಎರಡು ಸೇರಿ ಅವರು ಹದಿನಾರು. ಆ ಇಪ್ಪತ್ತೈದು ನಿಮಿಷ ಅವನು ಆಡಿದ ಆಟವನ್ನು ನಾನು ಸ್ಕ್ರಮ್ಮಿನ ಧೂಳಿನಿಂದ ತಲೆ ಎತ್ತಿದಾಗಲೆಲ್ಲ ಕಂಡೆ. ದುರ್ಬೀನು ಹೇಳುತ್ತಿದ್ದುದರಲ್ಲಿ ಒಂದಕ್ಷರ ಉತ್ಪ್ರೇಕ್ಷೆ ಇರಲಿಲ್ಲ.

ಎರಡು ನಿಮಿಷ ಉಳಿದಿತ್ತು. ಅವರ ನಡುಸಾಲಿನ ಒಬ್ಬ ಗಾಯಗೊಂಡು ಬಿದ್ದಿದ್ದರಿಂದ ಲಂಗರು ಜಾಗ ಬಿಟ್ಟು ಮಧ್ಯಕ್ಕೆ ಬರಲೇಬೇಕಾಯಿತು. ಮೇಸ್ತ್ರಿ ಕೈ ಎತ್ತಿದರು. ಚೆಂಡು ಬಹಳ ಎತ್ತರಕ್ಕೆ ಹೋಯಿತು. ಲಂಗರು ತಿರುಗಿ, ಎರಡೂ ಕೈ ಚಾಚಿ ಕಾದ. ಕೈಗಳು ಎರಡಡಿ ಬಲಕ್ಕಿದ್ದವು. ಚೆಂಡು ನೇರವಾಗಿ ಬಂದು ಅವನ ಮುಖದ ಎಡಭಾಗಕ್ಕೆ ಅಪ್ಪಳಿಸಿತು. ಅವನು ಕಣ್ಣು ಸಹ ಮುಚ್ಚಿರಲಿಲ್ಲ.

ಸಾವಿರ ಜನ ಅದನ್ನು ನೋಡಿದರು. ಅದು ಕೈತಪ್ಪಿದ ಚೆಂಡಲ್ಲ, ಕಾಣದ ಚೆಂಡು ಎಂದು ಸಣ್ಣ ಮಕ್ಕಳಿಗೂ ಗೊತ್ತಾಯಿತು. ಮುಖಕ್ಕೆ ಬಡಿದು ಹಿಂದಕ್ಕೆ ಉರುಳಿದ ಚೆಂಡನ್ನು ನಮ್ಮ ವಿಂಗರ್ ಗೆರೆಯಾಚೆ ಒತ್ತಿದ. ಹದಿನೇಳು, ಹದಿನಾರು. ಏಳು ವರ್ಷದ ಮೇಲೆ ಕಪ್ಪು ನಮ್ಮದಾಯಿತು. ಬಂದರಿನ ಬೆಂಚುಗಳ ಕಡೆಯಿಂದ ಒಂದು ಬೈಗುಳವೂ ಬರಲಿಲ್ಲ.

ಲಂಗರು ನಮ್ಮೆಲ್ಲರ ಕೈ ಕುಲುಕಿದ. ಎಡಗೆನ್ನೆ ಊದಿತ್ತು. ಕೊನೆಗೆ ನಮ್ಮ ಬೆಂಚಿನ ಹತ್ತಿರ ಬಂದು, ದುರ್ಬೀನನ್ನು ಹುಡುಕಲು ಮುಖ ಪೂರ್ತಿ ತಿರುಗಿಸಿ, ಅವನಿಗೂ ಕೈ ಚಾಚಿದ.

"ಮೊಣಕಾಲು ಹೇಗಿದೆ?" ಎಂದು ಕೇಳಿದ.

ದುರ್ಬೀನು ಕೈ ಕೊಟ್ಟ.

ವಾರ ಕಳೆಯುವುದರೊಳಗೆ ಬಂದರಿನ ಆಡಳಿತದವರು ಲಂಗರನ್ನು ಡಾಕ್ಟರ ಹತ್ತಿರ ಕಳಿಸಿದರು. ಕಣ್ಣೊಳಗಿನ ಒತ್ತಡ ಹೆಚ್ಚಿ ಎಡಗಣ್ಣಿನ ನರ ಸತ್ತಿತ್ತು. ಬಲಗಣ್ಣಿಗೂ ಅದೇ ಕಾಯಿಲೆ ಶುರುವಾಗಿತ್ತು. ದಿನಾ ಔಷಧಿ ಹಾಕಿದರೆ ಅದನ್ನು ಉಳಿಸಿಕೊಳ್ಳಬಹುದು ಎಂದರು. ಹದಿನಾರು ವರ್ಷ ಕ್ರೇನು ನಡೆಸಿದವನನ್ನು ಕೆಳಗಿಳಿಸಿ ಉಗ್ರಾಣದ ಬಾಗಿಲಲ್ಲಿ ಚೀಟಿ ನೋಡುವ ಕೆಲಸಕ್ಕೆ ಕೂರಿಸಿದರು. ಇದನ್ನೆಲ್ಲ ಅಕ್ಕ ಫೋನಿನಲ್ಲಿ ದುರ್ಬೀನಿಗೆ ಹೇಳಿದಳು. ಹೇಳಿ ಮುಗಿಸಿ ಕೇಳಿದಳು.

"ನಿಮ್ಮವರಿಗೆ ಮೊದಲೇ ಗೊತ್ತಿತ್ತಂತೆ. ನೀನು ಹೇಳಿದ್ದೇನೋ?"

"ಹೌದು ಅಕ್ಕಾ."

"ನನ್ನ ಮನೇಲಿ ಉಂಡು ಹೋಗಿ ಹೇಳಿದ್ಯಲ್ಲೋ."

ಫೋನು ಇಟ್ಟಳು. ಆಮೇಲೆ ಇವನು ಮಾಡಿದಾಗಲೆಲ್ಲ ಆ ಕಡೆಯಿಂದ ಬೇರೆ ಯಾರದೋ ದನಿ, "ಅವರು ಸೀಟಲ್ಲಿಲ್ಲ," ಎಂದು.

ಕಾರ್ಖಾನೆಯಲ್ಲಿ ಅವನಿಗೆ ಹಾರ ಹಾಕುವುದೊಂದು ಬಾಕಿ ಇತ್ತು. ತಟ್ಟೆ ಬಡಿದವರೇ ಈಗ ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಅವನು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಒಂದು ದಿನ ಚಹಾದ ಹೊತ್ತಿನಲ್ಲಿ ನಾನೇ ಹೋಗಿ ಪಕ್ಕ ಕೂತೆ.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತಲ್ಲ ಮಾರಾಯ," ಎಂದೆ. "ಕಣ್ಣು ಕಾಣದೆ ಕ್ರೇನು ನಡೆಸಿ ಯಾರ ತಲೆ ಮೇಲಾದ್ರೂ ಏನಾದ್ರೂ ಬೀಳಿಸಿದ್ರೆ? ಇನ್ನೊಂದು ಕಣ್ಣಾದ್ರೂ ಉಳೀತು."

"ನಾನೂ ಮನೇಲಿ ಹಾಗೇ ಅಂದೆ," ಎಂದ. "ಅವಳು ಏನಂದ್ಲು ಗೊತ್ತಾ? ಆ ಕ್ರೇನಿನ ಯೋಚನೆ ನಿಮಗೆ ಯಾವತ್ತು ಬಂತು, ಹೇಳೋಕೆ ಮುಂಚೆನೋ ಆಮೇಲೋ ಅಂತ."

ನಾನು ಲೋಟ ಎತ್ತಿಕೊಂಡು ನನ್ನ ಮೇಜಿಗೆ ಹೋದೆ.

ಮುಂದಿನ ತಿಂಗಳು ಒಂದು ಭಾನುವಾರ ಅವನು ಲಂಗರಿನ ಮನೆ ಹುಡುಕಿಕೊಂಡು ಹೋದ. ಬಂದರು ನೌಕರರ ವಸತಿ, ಮೂರನೇ ಮಹಡಿ, ಪಕ್ಕದ ಕಂಬಿ ತುಕ್ಕು ಹಿಡಿದ ಮೆಟ್ಟಿಲು. ಬಾಗಿಲು ತೆರೆದ ಹೆಂಡತಿ ಯಾರೆಂದು ಕೇಳಿ, ಹೆಸರು ತಿಳಿದ ಮೇಲೂ ಒಳಗೆ ಬಿಟ್ಟಳು. ಲಂಗರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಮೇಜಿನ ಮೇಲೆ ಕಣ್ಣಿಗೆ ಹಾಕುವ ಔಷಧಿಯ ಶೀಶೆ, ಹೊತ್ತು ಬರೆದಿಟ್ಟ ಒಂದು ಚೀಟಿ.

ಅಲ್ಲಿ ನಡೆದ ಮಾತನ್ನು ದುರ್ಬೀನು ನನಗೆ ಒಂದೇ ಒಂದು ಸಲ ಹೇಳಿದ್ದಾನೆ.

"ಕ್ಷಮೆ ಕೇಳೋಕೆ ಬಂದೆ," ಎಂದನಂತೆ ಇವನು.

"ನನಗೆ ಎರಡು ವರ್ಷದಿಂದ ಗೊತ್ತಿತ್ತು," ಎಂದ ಲಂಗರು. "ಕ್ರೇನಿನ ಮೇಲೆ ಕೂತಾಗ ಕೆಳಗೆ ಓಡಾಡೋ ಜನ ದಿನಾ ಕಣ್ಣಿಗೆ ಬೀಳ್ತಿದ್ರು. ನಾನೇ ಹೇಳ್ಬೇಕಿತ್ತು. ಇವತ್ತು ಬೇಡ, ನಾಳೆ ಹೇಳೋಣ ಅಂತ ಮುಂದೆ ಹಾಕ್ತಾ ಬಂದೆ. ಅದು ನನ್ನ ತಪ್ಪು, ಅದಕ್ಕೆ ನಿಮ್ಮನ್ನ ಬೈಯಲ್ಲ." ಆಮೇಲೆ ಮುಖ ತಿರುಗಿಸಿ ಇವನನ್ನೇ ನೋಡಿದ. "ಆದ್ರೆ ನೀವು ಹೇಳಿದ್ದು ಅದಕ್ಕಲ್ಲ, ಅಲ್ವಾ?"

ದುರ್ಬೀನು ಒಂದು ಸುಳ್ಳು ಹೇಳಬಹುದಿತ್ತು. ಲಂಗರು ಬಹುಶಃ ನಂಬುತ್ತಿದ್ದ.

"ಅಲ್ಲ," ಎಂದ.

"ಗೆಲ್ಬೇಕು ಅಂತಾನಾ?"

"ಅದಕ್ಕೂ ಅಲ್ಲ. ನೀವು ಒಳ್ಳೆಯವರು ಅಂತ ಬರೆದಿದ್ದನ್ನ ಎಲ್ಲರ ಮುಂದೆ ಓದಿದ್ರು. ನಕ್ರು. ತಡ್ಕೊಳ್ಳೋಕಾಗ್ಲಿಲ್ಲ."

ಒಳಗೆ ಹೆಂಡತಿ ಪಾತ್ರೆ ಇಡುತ್ತಿದ್ದ ಸದ್ದು ನಿಂತಿತು.

"ನಿಜ ಹೇಳಿದ್ರಿ," ಎಂದ ಲಂಗರು. "ಅಷ್ಟು ಸಾಕು. ಇನ್ನು ಇಲ್ಲಿಗೆ ಬರ್ಬೇಡಿ."

ಕೋಪದಿಂದ ಹೇಳಲಿಲ್ಲವಂತೆ. ಬಾಗಿಲವರೆಗೂ ಬಂದು, ಮೆಟ್ಟಿಲು ಜಾರುತ್ತೆ ಕಾಲು ಜೋಪಾನ ಎಂದು ಹೇಳಿ ಬಾಗಿಲು ಹಾಕಿಕೊಂಡನಂತೆ.

ಲಂಗರು ಉಗ್ರಾಣದ ಬಾಗಿಲಲ್ಲಿ ಐದು ತಿಂಗಳು ಕೂತ. ಪರಿಚಯದವರೆಲ್ಲ ಹೋಗುತ್ತಾ ಬರುತ್ತಾ ತಲೆ ತಗ್ಗಿಸುತ್ತಿದ್ದರು, ಇಲ್ಲವೇ ಬೇಕೆಂದೇ ಗಟ್ಟಿಯಾಗಿ ಮಾತಾಡಿಸುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಕೆಲಸ ಬಿಟ್ಟು ಹೆಂಡತಿಯ ತಮ್ಮ ಇರುವ ಊರಿಗೆ ಹೊರಟುಹೋದ. ಬೀಳ್ಕೊಡುಗೆ ಬೇಡ ಎಂದನಂತೆ. ಮುಂದಿನ ಸೀಸನ್ನಿನಲ್ಲಿ ಬಂದರಿನ ತಂಡ ಎರಡನೇ ಸುತ್ತಿನಲ್ಲೇ ಸೋತಿತು. ನಾವೂ ಸೋತೆವು. ಕಪ್ಪು ಮೂರನೆಯವರ ಪಾಲಾಯಿತು.

ಆ ವರ್ಷವೇ ಮೇಸ್ತ್ರಿ ದುರ್ಬೀನನ್ನು ಮತ್ತೆ ಕರೆದರು. ಇನ್ನೊಂದು ತಂಡ, ಇನ್ನೊಬ್ಬ ನಾಯಕ.

"ಆಗಲ್ಲ ಮೇಸ್ತ್ರಿ," ಎಂದ.

"ಯಾಕಯ್ಯಾ? ಅಷ್ಟು ಚೆನ್ನಾಗಿ ಮಾಡಿದ್ದೆ."

"ನನಗೆ ನೋಡೋಕೆ ಬರುತ್ತೆ. ನೋಡಿದ್ದನ್ನ ಇಟ್ಕೊಳ್ಳೋಕೆ ಬರಲ್ಲ."

ಅಲ್ಲಿಗೆ ತಂಡದ ಬೆಂಚಿನ ಸಂಬಂಧವೂ ಕಡಿದುಹೋಯಿತು. ಭಾನುವಾರಗಳಲ್ಲಿ ಅವನು ಮನೆಯಲ್ಲೇ ಇರುತ್ತಿದ್ದ. ಹೆಂಡತಿ ಅವನನ್ನು ಆಡಿಕೊಂಡು ನಗುವುದನ್ನು ಬಿಟ್ಟಳು. ಅದು ತನಗೆ ಎಲ್ಲಕ್ಕಿಂತ ಭಾರವಾಯಿತು ಎಂದು ಅವನು ಒಮ್ಮೆ ಹೇಳಿದ. ನಾನು ಅವನಿಗೆ ಒಂದು ಮಾತು ಹೇಳಬೇಕಾಗಿತ್ತು. ಪ್ರೇಮಪತ್ರ ಎಂದು ಮೊದಲು ಬಾಯಿ ಬಿಟ್ಟವನು ನಾನು, ಉಗ್ರಾಣದಲ್ಲಿ ನಕ್ಕವನೂ ನಾನು. ಎರಡು ಸಲ ಹೇಳಲು ಹೋಗಿ ಬೇರೇನೋ ಮಾತಾಡಿ ಬಂದೆ.

ಮೂರು ವರ್ಷದ ಮೇಲೆ ಅಕ್ಕ ಆಫೀಸಿನ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಸುದ್ದಿ ಬೇರೆಯವರಿಂದ ಬಂತು. ದುರ್ಬೀನು ರಜೆ ಹಾಕಿ ಹೋದ. ಬಾಗಿಲಲ್ಲಿ ಅವನನ್ನು ನೋಡಿ ಅಕ್ಕ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅವನೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅನ್ನಕ್ಕಿಟ್ಟು, ಕೋಣೆ ಗುಡಿಸಿ, ಅವಳ ಒಂದು ಕೈಯಲ್ಲಿ ಆಗದೆ ಉಳಿದಿದ್ದ ಬಟ್ಟೆ ಒಗೆದು ಹಾಕಿದ. ಇಬ್ಬರೂ ಎದುರುಬದುರು ಕೂತು ಉಂಡರು.

ಊಟದ ಕೊನೆಗೆ ಅಕ್ಕ ತಟ್ಟೆ ನೋಡುತ್ತಲೇ ಹೇಳಿದಳು.

"ಲಂಗರಿನ ಹೆಂಡ್ತಿ ಕಾಗದ ಬರೆದಿದ್ಲು. ಅಲ್ಲಿ ಯಾವುದೋ ಬೇಕರೀಲಿ ಕೆಲಸವಂತೆ. ಬಲಗಣ್ಣು ಹಾಗೇ ಇದೆಯಂತೆ, ಕೆಟ್ಟಿಲ್ಲ."

"ಆಟ ನೋಡೋಕೆ ಹೋಗ್ತಾನಂತಾ?"

"ಇಲ್ವಂತೆ. ಆ ಊರಲ್ಲೂ ಮೈದಾನ ಇದೆ. ಅದರ ಪಕ್ಕದ ಬೀದಿಯಲ್ಲೂ ನಡೆಯಲ್ವಂತೆ, ಸುತ್ತು ಹಾಕ್ಕೊಂಡು ಹೋಗ್ತಾನಂತೆ."

ಅವನು ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದ. ಅಕ್ಕನಿಗೆ ಅದು ಕೇಳದೆಯೇ ತಿಳಿಯಿತು.

"ನಿನ್ನ ವಿಷಯ ಏನೂ ಬರೆದಿರಲಿಲ್ಲ ಕಣೋ," ಎಂದಳು.

ಅವನು ಎರಡೂ ತಟ್ಟೆ ತೊಳೆದಿಟ್ಟ. ಅಕ್ಕನ ಜಡೆ ಬಿಚ್ಚಿಹೋಗಿತ್ತು, ಒಂದೇ ಕೈಯಲ್ಲಿ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಅವನಿಗೂ ಹೆಣೆಯಲು ಬರದು. ಹೇಗೋ ಒಂದು ಗಂಟು ಹಾಕಿದ. ಐದು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಗುರುವಾರ ಮತ್ತೆ ಬರಲೇ ಎಂದು ಹೊಸಲಿನಲ್ಲಿ ನಿಂತು ಕೇಳಿದ. ಅಕ್ಕ, "ಡಾಕ್ಟ್ರು ಬರಕ್ಕೆ ಹೇಳಿರೋದು ಶುಕ್ರವಾರ," ಎಂದಳು. ಅವನು ಶುಕ್ರವಾರಕ್ಕೆ ರಜೆ ಬರೆದುಕೊಟ್ಟ.